ಡಬ್ಬಿ ತಿರುಗಿಸಿ ಓದಿ: ಕ್ರೀಮು, ಸೀರಮ್, ಸೋಪಿನಲ್ಲಿ ಏನಿದೆ, ಎಷ್ಟಿದೆ?

ಫೇಸ್ ಕ್ರೀಮಿನ ಡಬ್ಬಿಯ ಮುಂದೆ ಕೇಸರಿ ಎಸಳು, ಎರಡು ಬಾದಾಮಿ, ತೊಟ್ಟಿಕ್ಕುತ್ತಿರುವ ಜೇನು. 50 ಗ್ರಾಂಗೆ 400 ರೂಪಾಯಿ. ಪಕ್ಕದಲ್ಲೇ ಇನ್ನೊಂದು ಡಬ್ಬಿ. ಚಿತ್ರಗಿತ್ರ ಏನೂ ಇಲ್ಲ, ಬಿಳಿ ಲೇಬಲ್ ಮೇಲೆ ಬರೀ ಹೆಸರು. 100 ಗ್ರಾಂಗೆ 250 ರೂಪಾಯಿ. ಯಾವುದನ್ನು ತಗೊಳ್ಳಬೇಕು?

ಮುಂಭಾಗವನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಹಿಂದೆ, ಕನ್ನಡಕ ಹಾಕಿಕೊಂಡರೂ ತಿಣುಕಿ ಓದಬೇಕಾದ ಸಣ್ಣ ಅಕ್ಷರಗಳಲ್ಲಿ. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ, ಅಂದುಕೊಂಡರೂ ಪರವಾಗಿಲ್ಲ.

ಆ ಪಟ್ಟಿ ಓದಲು ಕೆಮಿಸ್ಟ್ರಿ ಡಿಗ್ರಿ ಬೇಡ. ಪ್ರತಿ ಹೆಸರಿನ ಅರ್ಥವೂ ಗೊತ್ತಿರಬೇಕಿಲ್ಲ. ಒಂದು ವಸ್ತು ಡಬ್ಬಿಯಲ್ಲಿ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಎಷ್ಟಿದೆ ಅನ್ನುವುದನ್ನು ಅಂದಾಜು ಮಾಡಲು ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಒಳ್ಳೆಯದರ ವಿಷಯದಲ್ಲೂ ಅಷ್ಟೇ, ಕೆಟ್ಟದ್ದರ ವಿಷಯದಲ್ಲೂ ಅಷ್ಟೇ.

1. ಕೈಯಲ್ಲಿರುವುದು ಕಾಸ್ಮೆಟಿಕ್ಕೋ, ಔಷಧವೋ?

ಪಟ್ಟಿ ಓದುವ ಮೊದಲು ಈ ಪ್ರಶ್ನೆ. ಯಾಕೆಂದರೆ ನಮ್ಮಲ್ಲಿ ಮುಖದ ಚರ್ಮ ಹಾಳಾಗುವುದು ಕಾಸ್ಮೆಟಿಕ್‌ಗಳಿಂದಲೇ ಅಂತಲ್ಲ. ಮೆಡಿಕಲ್ ಶಾಪಿನಲ್ಲಿ "ಬೆಳ್ಳಗಾಗೋ ಕ್ರೀಮು ಕೊಡಿ" ಅಂತ ಕೇಳಿ ತಂದ ಟ್ಯೂಬಿನಿಂದಲೂ ಹಾಳಾಗುತ್ತದೆ.

ಕಾಸ್ಮೆಟಿಕ್ ಆದರೆ ಹಿಂದೆ 'ಇಂಗ್ರೀಡಿಯೆಂಟ್ಸ್' ಅಂತ ಶುರುವಾಗಿ ಹೆಸರುಗಳ ಸಾಲು ಇರುತ್ತದೆ. ಔಷಧ ಆದರೆ 'ಕಾಂಪೋಸಿಷನ್' ಅಂತಿದ್ದು, ಪ್ರತಿ ಔಷಧದ ಮುಂದೆ ಶೇಕಡಾ ಪ್ರಮಾಣ ಬರೆದಿರುತ್ತಾರೆ. ಡಾಕ್ಟರ ಚೀಟಿ ಬೇಕಾದ ಔಷಧವಾದರೆ ಜೊತೆಗೆ ಕೆಂಪು ಗೆರೆ, 'ಆರ್‌ಎಕ್ಸ್' ಗುರುತು, 'ಶೆಡ್ಯೂಲ್ ಎಚ್' ಅನ್ನುವ ಎಚ್ಚರಿಕೆ. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅನ್ನುವ ಹೆಸರು ಕಂಡರೆ ಅದು ಸ್ಟೀರಾಯ್ಡ್. ಮೊಮೆಟಾಸೋನ್ ಜೊತೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಎರಡೂ ಸೇರಿದ್ದರೆ ಅದು ಬಂಗಿನಂಥ ಕಲೆಗೆ ಡಾಕ್ಟರು ಕೆಲವೇ ವಾರಕ್ಕೆ ಅಂತ ಬರೆದುಕೊಡುವ ಮದ್ದು. ದಿನಾ ಹಚ್ಚುವ ಕ್ರೀಮಲ್ಲ.

ಇದರ ಮೋಸ ಏನೆಂದರೆ, ಮೊದಮೊದಲು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಮುಖ ತಿಳಿಯಾಗುತ್ತದೆ, ಮೊಡವೆ ಅಡಗುತ್ತದೆ. ನೆಂಟರು ಕೇಳುತ್ತಾರೆ, ಟ್ಯೂಬಿನ ಹೆಸರು ವಾಟ್ಸ್ಯಾಪಿನಲ್ಲಿ ಓಡಾಡುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಕೆನ್ನೆ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ಮತ್ತೆ ಹಚ್ಚಿದರೆ ಸಮಾಧಾನ. ಚರ್ಮದ ಡಾಕ್ಟರುಗಳು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್'. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಡುತ್ತಾರೆ ಅನ್ನುವುದು ಬೇರೆ ಮಾತು. ಈಗಾಗಲೇ ಹಚ್ಚುತ್ತಿದ್ದರೆ ದಿಢೀರಂತ ನಿಲ್ಲಿಸಲು ಹೋಗಬೇಡಿ. ಚರ್ಮದ ಡಾಕ್ಟರನ್ನು ಕಂಡು ಅವರು ಹೇಳಿದ ಹಾಗೆ ಬಿಡಿ.

ಇನ್ನೊಂದು ಬಗೆ, ಪಟ್ಟಿಯೇ ಇಲ್ಲದ ಕ್ರೀಮು. ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಆದರೆ ಕೆಲವೇ ದಿನದಲ್ಲಿ ಬಿಳುಪು ಅನ್ನುವ ಭರವಸೆ ಇದೆ. ಇಂಥದ್ದರಲ್ಲಿ ಪಾದರಸ ಇರುವ ಅಪಾಯ ಜಾಸ್ತಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದ ಕೆಲವರನ್ನು ವಿಚಾರಿಸಿದಾಗ, ಅವರೆಲ್ಲ ಇಂಥ ಫೇರ್‌ನೆಸ್ ಕ್ರೀಮು ಬಳಸುತ್ತಿದ್ದದ್ದು ಡಾಕ್ಟರುಗಳ ಗಮನಕ್ಕೆ ಬಂತು. ನಮ್ಮ ಕಾನೂನಿನಲ್ಲಿ ಕಣ್ಣಿನ ಸುತ್ತ ಹಚ್ಚುವವನ್ನು ಬಿಟ್ಟರೆ, ಉಳಿದ ಕಾಸ್ಮೆಟಿಕ್‌ಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ಬೇಕಂತಲೇ ಹಾಕುವುದಂತೂ ಪೂರ್ತಿ ನಿಷೇಧ. ಹಾಕುವವರು ಅದನ್ನು ಲೇಬಲ್ ಮೇಲೆ ಬರೆಯುವುದೂ ಅಪರೂಪ. ಬರೆದರೆ 'ಕ್ಯಾಲೊಮೆಲ್', 'ಮರ್ಕ್ಯುರಸ್ ಕ್ಲೋರೈಡ್', 'ಅಮೋನಿಯೇಟೆಡ್ ಮರ್ಕ್ಯುರಿ' ಅಂತಿರುತ್ತದೆ. "ಹಚ್ಚುವಾಗ ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ" ಅಂತ ಸೂಚನೆ ಇದ್ದರೂ ಅನುಮಾನ ಪಡಿ. ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದಲ್ವಾ.

ಗಲ್ಫಿನಿಂದ ಬಂದವರು ತಂದುಕೊಟ್ಟ ಕ್ರೀಮು ಅಂದರೆ ಕರಾವಳಿಯ ಕಡೆ ಒಂದು ತೂಕ. ತಂದವರ ಪ್ರೀತಿ ದೊಡ್ಡದೇ. ಆದರೂ ಡಬ್ಬಿ ತಿರುಗಿಸಿ ನೋಡಿ. ಅಧಿಕೃತವಾಗಿ ಆಮದಾಗಿ ಇಲ್ಲಿನ ಅಂಗಡಿಯಲ್ಲಿ ಮಾರುವ ವಿದೇಶಿ ಕಾಸ್ಮೆಟಿಕ್ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ನಂಬರ್ ಇರಲೇಬೇಕು.

ಆಯುರ್ವೇದದ ಲೈಸೆನ್ಸ್ ಇರುವ ಕ್ರೀಮುಗಳ ಪಟ್ಟಿಯೇ ಬೇರೆ ರೀತಿ. ಪ್ರತಿ 100 ಗ್ರಾಂನಲ್ಲಿ ಮಂಜಿಷ್ಠ ಇಷ್ಟು, ಲೋಧ್ರ ಇಷ್ಟು ಅಂತ ತೂಕ ಬರೆದಿರುತ್ತಾರೆ. ಇದು ಒಳ್ಳೆಯದೇ. ಆದರೆ ಹಲವು ಲೇಬಲ್‌ಗಳಲ್ಲಿ ಕೊನೆಗೆ 'ಕ್ರೀಮ್ ಬೇಸ್, ಕ್ಯೂ.ಎಸ್.' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಉಳಿದದ್ದೆಲ್ಲ ಬೇಸ್ ಅಂತ ಅರ್ಥ. ಆ ಬೇಸಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಅಲರ್ಜಿ ಇರುವವರಿಗೆ ಇದು ಸಣ್ಣ ವಿಷಯವಲ್ಲ.

2. ಒಂದು ಪರ್ಸೆಂಟಿನ ಗೆರೆ ಹುಡುಕಿ

2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ, ಶೇ. 1ಕ್ಕಿಂತ ಹೆಚ್ಚು ಇರುವ ವಸ್ತುಗಳನ್ನು ಜಾಸ್ತಿಯಿಂದ ಕಡಿಮೆಗೆ, ಪ್ರಮಾಣದ ಕ್ರಮದಲ್ಲೇ ಬರೆಯಬೇಕು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಹೇಗೆ ಬೇಕಾದರೂ ಬರೆಯಬಹುದು. ಯುರೋಪಿನಲ್ಲೂ ನಿಯಮ ಹೆಚ್ಚುಕಡಿಮೆ ಇದೇ. ಅಂದರೆ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಒಂದು ಗೆರೆ ಇದೆ. ಗೆರೆಯ ಮೇಲೆ ಕ್ರಮಕ್ಕೆ ಬೆಲೆ ಇದೆ, ಕೆಳಗೆ ಇಲ್ಲ. ಗೆರೆಯ ಕೆಳಗೆ ಕೇಸರಿಯನ್ನು ಮೊದಲು ಹಾಕಿ ಪರ್ಫ್ಯೂಮನ್ನು ಕೊನೆಗೆ ತಳ್ಳಿದರೂ ಕಾನೂನಿಗೆ ತಕರಾರಿಲ್ಲ.

ಗೆರೆ ಎಲ್ಲಿದೆ ಅಂತ ಕಂಪನಿ ಹೇಳುವುದಿಲ್ಲ. ಹುಡುಕಲು ಸುಲಭದ ದಾರಿ, ಪ್ರಿಸರ್ವೇಟಿವ್, ಅಂದರೆ ಕ್ರೀಮು ಕೆಡದಂತೆ ಹಾಕುವ ವಸ್ತು, ಎಲ್ಲಿ ಬಂದಿದೆ ನೋಡುವುದು. ಅದರಲ್ಲೂ 'ಫಿನಾಕ್ಸಿಎಥನಾಲ್'. ಇದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಅದರ ನಂತರ ಬರೆದಿರುವ ಯಾವುದೂ ಶೇ. 1 ದಾಟುವುದಿಲ್ಲ. ಫಿನಾಕ್ಸಿಎಥನಾಲ್ ಇಲ್ಲದಿದ್ದರೆ 'ಕಾರ್ಬೊಮರ್', 'ಕ್ಸಾಂಥನ್ ಗಮ್', 'ಡೈಸೋಡಿಯಂ ಇಡಿಟಿಎ', 'ಮೀಥೈಲ್‌ಪ್ಯಾರಾಬೆನ್' ಇವುಗಳಲ್ಲಿ ಯಾವುದು ಮೊದಲು ಬರುತ್ತದೆ ನೋಡಿ. ಗೆರೆ ಸುಮಾರಾಗಿ ಅಲ್ಲೇ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಮೇಲೆ.

ಗೆರೆಯ ಕೆಳಗಿರುವುದೆಲ್ಲ ದಂಡ ಅಂತ ಮಾತ್ರ ತಿಳಿಯಬೇಡಿ. ಕೆಲವು ವಸ್ತುಗಳು ಬಾಳೆಲೆ ತುದಿಯ ಉಪ್ಪಿನಷ್ಟಿದ್ದರೂ ಸಾಕು. ರೆಟಿನಾಲ್ ಶೇ. 0.3 ಇದ್ದರೆ ಅದೇ ಜೋರು. ಸೋಡಿಯಂ ಹಯಲುರೊನೇಟ್, ಸೆರಮೈಡ್, ಪೆಪ್ಟೈಡ್ ಇವೆಲ್ಲ ಕಡಿಮೆ ಪ್ರಮಾಣದಲ್ಲೇ ಇರುತ್ತವೆ. ಆದರೆ ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ), ಯೂರಿಯಾ, ಗ್ಲಿಸರಿನ್, ಎಣ್ಣೆಗಳು, ಬೆಣ್ಣೆಗಳು ಇವು ಗೆರೆಯ ಕೆಳಗೆ ಬಿದ್ದಿದ್ದರೆ, ಮುಂಭಾಗದಲ್ಲಿ ಹೆಸರು ಹಾಕಿಸಿಕೊಳ್ಳಲಿಕ್ಕಷ್ಟೇ ಇವೆ.

'ಎಕ್ಸ್‌ಟ್ರಾಕ್ಟ್' ಅನ್ನುವುದರ ಬಗ್ಗೆಯೂ ಒಂದು ಮಾತು. ಕ್ರೀಮಿಗೆ ಹಾಕುವ ಗಿಡದ ಎಕ್ಸ್‌ಟ್ರಾಕ್ಟು ಬಹಳ ಸಲ ನೀರು, ಗ್ಲಿಸರಿನ್ ಅಥವಾ ಗ್ಲೈಕಾಲಿನಲ್ಲಿ ಕರಗಿಸಿದ ದ್ರವವಾಗಿರುತ್ತದೆ. ಅದರಲ್ಲಿ ಗಿಡದ ಸಾರ ಸ್ವಲ್ಪವೇ. ಆ ದ್ರವವೇ ಶೇ. 1ಕ್ಕಿಂತ ಕಡಿಮೆ ಇದ್ದರೆ ಗಿಡದ ಪಾಲು ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ. 'ಕಾಂಪ್ಲೆಕ್ಸ್' ಅನ್ನುವ ಪದವೂ ಹಾಗೆಯೇ. 'ಶೇ. 10 ವಿಟಮಿನ್ ಸಿ ಕಾಂಪ್ಲೆಕ್ಸ್' ಅಂದರೆ ಶೇ. 10 ವಿಟಮಿನ್ ಸಿ ಅಂತಲ್ಲ. ನಾಲ್ಕಾರು ವಸ್ತು ಸೇರಿದ ಮಿಶ್ರಣ ಶೇ. 10 ಅಂತ.

3. ಲ್ಯಾಟಿನ್ ಹೆಸರುಗಳಿಗೆ ಹೆದರಬೇಡಿ

ಪಟ್ಟಿಯ ಹೆಸರುಗಳು ಪ್ರಪಂಚದಾದ್ಯಂತ ಒಂದೇ ಇರಲಿ ಅಂತ 'ಐಎನ್‌ಸಿಐ' ಅನ್ನುವ ಪದ್ಧತಿ ಮಾಡಿಕೊಂಡಿದ್ದಾರೆ. ಗಿಡಗಳಿಗೆಲ್ಲ ಅಲ್ಲಿ ಸಸ್ಯಶಾಸ್ತ್ರದ ಹೆಸರು. ಆಕ್ವಾ ಅಂದರೆ ನೀರು. ಮೆಲ್ ಅಂದರೆ ಜೇನು. ಕೋಕೋಸ್ ನ್ಯೂಸಿಫೆರಾ ತೆಂಗು, ಕರ್ಕುಮಾ ಲಾಂಗಾ ಅರಿಶಿನ, ಅಝಡಿರಾಕ್ಟಾ ಇಂಡಿಕಾ ಬೇವು, ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ, ಆಲೋ ಬಾರ್ಬಡೆನ್ಸಿಸ್ ಲೋಳೆಸರ, ರಿಸಿನಸ್ ಕಮ್ಯೂನಿಸ್ ಹರಳು, ಗ್ಲಿಸಿರೈಜಾ ಗ್ಲಾಬ್ರಾ ಜ್ಯೇಷ್ಠಮಧು.

ಕೊರಿಯಾದ 'ಸಿಕಾ' ಕ್ರೀಮುಗಳಿಗೆ ಈಗ ಭಾರೀ ಬೇಡಿಕೆ. ಪಟ್ಟಿಯಲ್ಲಿ 'ಸೆಂಟೆಲ್ಲಾ ಏಷ್ಯಾಟಿಕಾ' ಅಂತಿರುತ್ತದೆ. ಮಲೆನಾಡಿನವರು ತಂಬುಳಿ ಮಾಡುವ ಒಂದೆಲಗವೇ ಅದು. ಹಾಗಂತ ತಂಬುಳಿ ಮುಖಕ್ಕೆ ಹಚ್ಚಬೇಕಿಲ್ಲ. ಆ ಕ್ರೀಮುಗಳಲ್ಲಿ ಒಂದೆಲಗದಿಂದ ಬೇರ್ಪಡಿಸಿದ 'ಮೆಡೆಕಾಸೊಸೈಡ್', 'ಏಷ್ಯಾಟಿಕೊಸೈಡ್' ಅನ್ನುವ ಅಂಶಗಳಿದ್ದರೆ ಕೆಲಸದ್ದು. ಬರೀ ಎಲೆಯ ಎಕ್ಸ್‌ಟ್ರಾಕ್ಟು ಪಟ್ಟಿಯ ಬಾಲದಲ್ಲಿದ್ದರೆ ಅಷ್ಟೇನಿಲ್ಲ. ದುಬಾರಿ ಲಿಪ್ ಬಾಮ್‌ಗಳಲ್ಲಿ ಕಾಣುವ 'ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್' ನಮ್ಮ ಮುರುಗಲು ತುಪ್ಪ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವುದು ಅದನ್ನೇ.

ಎಲ್ಲರೂ ಎಡವುವ ಜಾಗ ಒಂದಿದೆ, 'ಆಲ್ಕೊಹಾಲ್'. ಸಿಟೈಲ್ ಆಲ್ಕೊಹಾಲ್, ಸಿಟಿಯರಿಲ್ ಆಲ್ಕೊಹಾಲ್, ಸ್ಟಿಯರಿಲ್ ಆಲ್ಕೊಹಾಲ್ ಇವು ಮೇಣದಂಥ ವಸ್ತುಗಳು. ಕ್ರೀಮಿಗೆ ದಪ್ಪ ಕೊಡುತ್ತವೆ, ಚರ್ಮವನ್ನು ಮೆತ್ತಗಿಡುತ್ತವೆ. ಒಣಗಿಸುವುದು 'ಆಲ್ಕೊಹಾಲ್ ಡಿನ್ಯಾಟ್' ಅನ್ನುವುದು, ಅದೂ ಪಟ್ಟಿಯ ಮೇಲ್ಭಾಗದಲ್ಲಿದ್ದರೆ.

ಅರ್ಥವಾಗದ ಹೆಸರು ಬಂದರೆ ಯುರೋಪಿಯನ್ ಕಮಿಷನ್ನಿನ 'ಕಾಸ್‌ಇಂಗ್' ಡೇಟಾಬೇಸಿನಲ್ಲಿ ಹುಡುಕಿ. ಆ ವಸ್ತುವಿನ ಕೆಲಸ ಏನು, ಮಿತಿ ಇದೆಯಾ ಅಂತ ಅಲ್ಲಿ ಸಿಗುತ್ತದೆ. ಡಬ್ಬಿ ಸ್ಕ್ಯಾನ್ ಮಾಡಿದರೆ ಕೆಂಪು, ಹಸಿರು ಅಂಕ ಕೊಡುವ ಆ್ಯಪ್‌ಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಅವುಗಳಿಗೆ ಹೆಸರು ಗೊತ್ತಾಗುತ್ತದೆ, ಪ್ರಮಾಣ ಗೊತ್ತಾಗುವುದಿಲ್ಲ.

4. ಎರಡು ಡಬ್ಬಿ ಅಕ್ಕಪಕ್ಕ ಇಟ್ಟು ನೋಡೋಣ

ಶುರುವಿನಲ್ಲಿ ಹೇಳಿದ ಎರಡು ಡಬ್ಬಿಗಳ ಪಟ್ಟಿ ಹೀಗಿದೆ ಅಂತಿಟ್ಟುಕೊಳ್ಳಿ. ಯಾವ ಕಂಪನಿಯದೂ ಅಲ್ಲ, ಮಾರುಕಟ್ಟೆಯಲ್ಲಿ ಕಾಣುವ ಮಾದರಿ ನೋಡಿ ನಾನೇ ಕಟ್ಟಿದ್ದು.

ಕೇಸರಿ ಡಬ್ಬಿ: ಆಕ್ವಾ, ಪ್ಯಾರಾಫಿನಮ್ ಲಿಕ್ವಿಡಮ್, ಗ್ಲಿಸರಿಲ್ ಸ್ಟಿಯರೇಟ್, ಸ್ಟಿಯರಿಕ್ ಆಸಿಡ್, ಗ್ಲಿಸರಿನ್, ಸಿಟೈಲ್ ಆಲ್ಕೊಹಾಲ್, ಫಿನಾಕ್ಸಿಎಥನಾಲ್, ಕ್ರೋಕಸ್ ಸಟೈವಸ್ ಎಕ್ಸ್‌ಟ್ರಾಕ್ಟ್, ಪ್ರೂನಸ್ ಅಮಿಗ್ಡಲಸ್ ಡಲ್ಸಿಸ್ ಆಯಿಲ್, ಮೆಲ್, ಪರ್ಫ್ಯೂಮ್, ಸಿಐ 19140, ಸಿಐ 15985.

ಬಿಳಿ ಡಬ್ಬಿ: ಆಕ್ವಾ, ಗ್ಲಿಸರಿನ್, ಪೆಟ್ರೊಲೇಟಮ್, ಸಿಟಿಯರಿಲ್ ಆಲ್ಕೊಹಾಲ್, ನಿಯಾಸಿನಮೈಡ್, ಡೈಮೆಥಿಕೋನ್, ಪ್ಯಾಂಥೆನಾಲ್, ಫಿನಾಕ್ಸಿಎಥನಾಲ್, ಸೆರಮೈಡ್ ಎನ್‌ಪಿ, ಕಾರ್ಬೊಮರ್, ಡೈಸೋಡಿಯಂ ಇಡಿಟಿಎ.

ಎರಡರಲ್ಲೂ ಫಿನಾಕ್ಸಿಎಥನಾಲ್ ಮೇಲೆ ಬೆರಳಿಡಿ. ಕೇಸರಿ ಡಬ್ಬಿಯಲ್ಲಿ ಬೆರಳಿನ ಎಡಕ್ಕೆ ಇರುವುದೇನು? ನೀರು, ಮಿನರಲ್ ಆಯಿಲ್, ನೀರು ಎಣ್ಣೆ ಬೇರೆಯಾಗದಂತೆ ಹಿಡಿದಿಡುವ ವಸ್ತುಗಳು, ಗ್ಲಿಸರಿನ್. ಡಬ್ಬಿಯ ಮುಂದೆ ಚಿತ್ರ ಬರೆಸಿಕೊಂಡ ಕೇಸರಿ, ಬಾದಾಮಿ, ಜೇನು ಮೂರೂ ಬಲಕ್ಕಿವೆ. ಕ್ರೀಮಿನ ಕೇಸರಿ ಬಣ್ಣ ಕೇಸರಿಯದ್ದೇನಾ? ಕೊನೆಯ ಎರಡು ನಂಬರ್ ನೋಡಿ. ಸಿಐ 19140 ಟಾರ್ಟ್ರಜೀನ್ ಅನ್ನುವ ಹಳದಿ, ಸಿಐ 15985 ಸನ್‌ಸೆಟ್ ಯೆಲ್ಲೋ. ಬಣ್ಣ ಬಂದಿರುವುದು ಅವುಗಳಿಂದ.

ಬಿಳಿ ಡಬ್ಬಿಯಲ್ಲಿ ನೀರಿನ ನಂತರ ಗ್ಲಿಸರಿನ್. ಅದು ತೇವವನ್ನು ಹಿಡಿದಿಡುತ್ತದೆ. ಪೆಟ್ರೊಲೇಟಮ್ ಅದು ಆರಿಹೋಗದಂತೆ ಮುಚ್ಚುತ್ತದೆ. ನಿಯಾಸಿನಮೈಡ್ ಗೆರೆಯ ಮೇಲಿದೆ. ಎಷ್ಟು ಅಂತ ಖಚಿತವಿಲ್ಲ, ಆದರೆ ಡೈಮೆಥಿಕೋನ್‌ಗಿಂತ ಮೊದಲು ಬಂದಿದೆ ಅಂದರೆ ನೆಪಕ್ಕೆ ಹಾಕಿದ್ದಲ್ಲ. ಸೆರಮೈಡ್ ಕೆಳಗಿದ್ದರೂ ತೊಂದರೆಯಿಲ್ಲ. ಪರ್ಫ್ಯೂಮ್ ಇಲ್ಲ, ಬಣ್ಣ ಇಲ್ಲ.

ಈಗ ಬೆಲೆ. ಈಚೆಗೆ ಪ್ಯಾಕ್ ಮೇಲೆ 'ಯುನಿಟ್ ಸೇಲ್ ಪ್ರೈಸ್' ಅಂತ ಗ್ರಾಂ ಅಥವಾ ಮಿ.ಲೀ. ಲೆಕ್ಕದಲ್ಲೂ ಬೆಲೆ ಹಾಕುತ್ತಾರೆ, ಎಂಆರ್‌ಪಿಯ ಪಕ್ಕದಲ್ಲೇ ಇರುತ್ತದೆ. ಕೇಸರಿ ಡಬ್ಬಿ ಗ್ರಾಂಗೆ 8 ರೂಪಾಯಿ, ಬಿಳಿಯದು ಎರಡೂವರೆ.

ಕೇಸರಿ ಡಬ್ಬಿ ಕೆಟ್ಟದ್ದಾ? ಖಂಡಿತ ಅಲ್ಲ. ಮಿನರಲ್ ಆಯಿಲ್ ಮತ್ತು ಗ್ಲಿಸರಿನ್ ಇದೆ, ಚರ್ಮ ಮೆತ್ತಗಾಗುತ್ತದೆ. ಘಮಘಮ ಅನ್ನುತ್ತದೆ. ನಿಮಗೆ ಆ ಪರಿಮಳವೇ ಇಷ್ಟ ಅಂದರೆ ಧಾರಾಳವಾಗಿ ತಗೊಳ್ಳಿ. ಕೇಸರಿಗೆ ಅಂತ ದುಡ್ಡು ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ, ಅಷ್ಟೇ.

ಹೋಲಿಸುವಾಗ ಒಂದೇ ಜಾತಿಯವನ್ನು ಹೋಲಿಸಿ. ಕ್ರೀಮಿಗೆ ಕ್ರೀಮು, ಫೇಸ್‌ವಾಶಿಗೆ ಫೇಸ್‌ವಾಶ್. ತೊಳೆದುಹೋಗುವ ಫೇಸ್‌ವಾಶಿನಲ್ಲಿ ವಿಟಮಿನ್ ಸಿ, ಕೊಲಾಜೆನ್ ಇದ್ದರೆಷ್ಟು ಬಿಟ್ಟರೆಷ್ಟು? ಅರ್ಧ ನಿಮಿಷದಲ್ಲಿ ಚರಂಡಿ ಸೇರುತ್ತದೆ. ಚಿಕ್ಕ ಪ್ಯಾಕುಗಳಿಗೆ ಪಟ್ಟಿ ಹಾಕದೆ ಬಿಡುವ ರಿಯಾಯಿತಿ ಕಾನೂನಿನಲ್ಲೇ ಇದೆ. ಸ್ಯಾಶೆ ಮೇಲೆ ಕಾಣದಿದ್ದರೆ ಅದೇ ಶಾಂಪೂವಿನ ದೊಡ್ಡ ಬಾಟಲಿ ನೋಡಿ.

5. ಕೆಲಸದ ವಸ್ತು, ಕೆಲಸದ ಪ್ರಮಾಣ

ನಿಯಾಸಿನಮೈಡ್ ಶೇ. 2ರಿಂದ 5 ಇದ್ದರೆ ಸಾಕು. ಕಲೆ ತಿಳಿಯಾಗುವುದು, ಜಿಡ್ಡು ಕಡಿಮೆಯಾಗುವುದು ಕಂಡುಬಂದಿರುವುದು ಸುಮಾರಾಗಿ ಆ ಪ್ರಮಾಣದಲ್ಲೇ. ಶೇ. 10, 15 ಅಂತ ಪೈಪೋಟಿ ನಡೆಯುತ್ತಿದೆ. ಕೆಲವರಿಗೆ ಅದರಿಂದ ಮುಖ ಕೆಂಪಾಗುವುದೇ ಲಾಭ. ಮೊಡವೆ, ಬ್ಲ್ಯಾಕ್‌ಹೆಡ್‌ಗೆ ಸ್ಯಾಲಿಸಿಲಿಕ್ ಆಸಿಡ್ ಶೇ. 0.5ರಿಂದ 2. ಹಿಮ್ಮಡಿ ಬಿರುಕಿಗೆ ಶೇ. 10 ಅಥವಾ ಅದಕ್ಕಿಂತ ಜಾಸ್ತಿ ಯೂರಿಯಾ ಇರುವ ಕ್ರೀಮು. ಇದು ಸಪ್ಪೆ ಹೆಸರಿನ, ಅಗ್ಗದ, ನಿಜಕ್ಕೂ ಕೆಲಸ ಮಾಡುವ ವಸ್ತು. ಕಲಬುರಗಿ, ರಾಯಚೂರು ಕಡೆಯ ಒಣ ಹವೆಯಲ್ಲಿ ಇರುವವರು ಒಮ್ಮೆ ಬಳಸಿ ನೋಡಬಹುದು.

ವಿಟಮಿನ್ ಸಿ ವಿಷಯ ಸ್ವಲ್ಪ ಕಿರಿಕಿರಿ. 'ಆಸ್ಕಾರ್ಬಿಕ್ ಆಸಿಡ್' ಶೇ. 10ರಿಂದ 20 ಇರಬೇಕು, ದ್ರವ ಹುಳಿಯಾಗಿರಬೇಕು, ಅಂದರೆ ಪಿಎಚ್ 3.5ಕ್ಕಿಂತ ಕೆಳಗೆ. ಗಾಳಿ, ಬೆಳಕು, ಸೆಕೆ ಮೂರೂ ಅದಕ್ಕೆ ಆಗದು. ಬಣ್ಣವಿಲ್ಲದ ಸೀರಮ್ ಕಂದು ಬಣ್ಣಕ್ಕೆ ತಿರುಗಿದರೆ ಕೆಟ್ಟಿದೆ ಅಂತ ಅರ್ಥ. ಬಾಯಗಲದ ಡಬ್ಬಿಯಲ್ಲಿ, ಪಾರದರ್ಶಕ ಬಾಟಲಿಯಲ್ಲಿ ಮಾರುವವರಿಂದ ತಗೊಳ್ಳಬೇಡಿ. 'ಎಥೈಲ್ ಆಸ್ಕಾರ್ಬಿಕ್ ಆಸಿಡ್', 'ಆಸ್ಕಾರ್ಬಿಲ್ ಗ್ಲೂಕೋಸೈಡ್' ಅಂತಿದ್ದರೆ ಅವು ವಿಟಮಿನ್ ಸಿಯ ಬೇರೆ ರೂಪಗಳು. ಬಾಳಿಕೆ ಜಾಸ್ತಿ, ಮೂಲ ವಿಟಮಿನ್ನಿಗಿರುವಷ್ಟು ಪುರಾವೆ ಇವಕ್ಕಿಲ್ಲ.

ರೆಟಿನಾಲ್, ರೆಟಿನಾಲ್ಡಿಹೈಡ್, ರೆಟಿನೈಲ್ ಪಾಲ್ಮಿಟೇಟ್ ಮೂರೂ ವಿಟಮಿನ್ ಎ ಕುಟುಂಬ. ಗರ್ಭಿಣಿಯರು, ಮಗು ಬೇಕು ಅಂತ ಪ್ರಯತ್ನಿಸುತ್ತಿರುವವರು ಇವುಗಳನ್ನು ಹಚ್ಚಬಾರದು. ಗ್ಲೈಕಾಲಿಕ್, ಲ್ಯಾಕ್ಟಿಕ್ ಆಸಿಡ್ ಹಚ್ಚುವವರಿಗೆ ಬಿಸಿಲು ಬೇಗ ಹೊಡೆಯುತ್ತದೆ, ಸನ್‌ಸ್ಕ್ರೀನ್ ಬಿಡಬಾರದು.

ಸನ್‌ಸ್ಕ್ರೀನಿನಲ್ಲಿ ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ (ಚರ್ಮ ಸುಡುವ) ಕಿರಣ ತಡೆದರೆ, 50 ತಡೆಯುವುದು ಶೇ. 98. ನಂಬರ್ ನೋಡಿ ಜಾಸ್ತಿ ದುಡ್ಡು ಸುರಿಯುವ ಬದಲು ಪಿಎ ಪಕ್ಕದ ಪ್ಲಸ್ ಗುರುತು ಎಷ್ಟಿವೆ ನೋಡಿ, ಅದು ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣದ ಲೆಕ್ಕ. ಮುಖ, ಕತ್ತಿಗೆ ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಹಚ್ಚಿ. ಕಡಲೆಕಾಳಿನಷ್ಟು ಹಚ್ಚಿದರೆ 50 ಅನ್ನುವ ನಂಬರಿಗೆ ಅರ್ಥವೇ ಇಲ್ಲ.

6. ಸೋಪಿನಲ್ಲಿ ಟಿಎಫ್‌ಎಂ

ಸೋಪು ಹೋಲಿಸುವುದು ಎಲ್ಲಕ್ಕಿಂತ ಸುಲಭ. ಪ್ಯಾಕ್ ಮೇಲೆ ಟಿಎಫ್‌ಎಂ ಅಂತ ಶೇಕಡಾ ಬರೆದಿರುತ್ತಾರೆ. ಒಟ್ಟು ಕೊಬ್ಬಿನಂಶ ಅಂತ ಅರ್ಥ. ಟಾಯ್ಲೆಟ್ ಸೋಪಿಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಮಾಡಿರುವ ದರ್ಜೆಗಳಲ್ಲಿ ಗ್ರೇಡ್ 1ಕ್ಕೆ ಕನಿಷ್ಠ ಶೇ. 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. 'ಬೇದಿಂಗ್ ಬಾರ್' ಅಂತ ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ನಮ್ಮ ಮೈಸೂರು ಸ್ಯಾಂಡಲ್ ಸೋಪ್ ಗ್ರೇಡ್ 1ರಲ್ಲೇ ಬರುತ್ತದೆ, ಅಭಿಮಾನಕ್ಕೆ ಹೇಳುತ್ತಿಲ್ಲ, ಪ್ಯಾಕ್ ಮೇಲೆ ಓದಿಕೊಳ್ಳಿ.

ಟಿಎಫ್‌ಎಂ ಜಾಸ್ತಿ ಇದ್ದರೆ ಸೋಪು ಗಟ್ಟಿ, ಬೇಗ ಕರಗುವುದಿಲ್ಲ. ಆದರೆ ಎಷ್ಟೇ ಒಳ್ಳೆಯ ಸೋಪಾದರೂ ಅದು ಕ್ಷಾರ. ಇಸಬು ಇರುವವರಿಗೆ, ಮೈ ತುಂಬ ಒಣಗುವವರಿಗೆ ಗ್ರೇಡ್ 1 ಸೋಪಿಗಿಂತ 'ಸಿಂಡೆಟ್ ಬಾರ್' ವಾಸಿ. ನೋಡಲು ಸೋಪಿನಂತೆಯೇ, ಆದರೆ ಸೋಪಲ್ಲ, ಅಷ್ಟು ಕ್ಷಾರವೂ ಅಲ್ಲ. ಅದರ ಪಟ್ಟಿಯಲ್ಲಿ ಮೊದಲಿಗೇ 'ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್' ಅಂತಿರುತ್ತದೆ. ಮಾಮೂಲಿ ಸೋಪಿನಲ್ಲಾದರೆ 'ಸೋಡಿಯಂ ಪಾಮೇಟ್'. 'ಸೋಡಿಯಂ ಟ್ಯಾಲೊವೇಟ್' ಅಂತಿದ್ದರೆ ಪ್ರಾಣಿಯ ಕೊಬ್ಬಿನದು, ಬೇಡ ಅನ್ನುವವರು ಗಮನಿಸಿ.

7. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

'ಪ್ಯಾರಾಬೆನ್ ಫ್ರೀ' ಅನ್ನುವುದು ಈಗ ಮಾರಾಟದ ಮಂತ್ರ. ಪ್ಯಾರಾಬೆನ್ ಅಂದರೆ ಒಂದು ಬಗೆಯ ಪ್ರಿಸರ್ವೇಟಿವ್. 2004ರಲ್ಲಿ ಒಂದು ಅಧ್ಯಯನ ಸ್ತನ ಗಡ್ಡೆಯ ಅಂಗಾಂಶದಲ್ಲಿ ಪ್ಯಾರಾಬೆನ್ ಪತ್ತೆ ಮಾಡಿತು. ಸುದ್ದಿ ಹಬ್ಬಿತು. ಅದರಿಂದಲೇ ಗಡ್ಡೆ ಬಂತು ಅಂತ ಆ ಅಧ್ಯಯನ ತೋರಿಸಿರಲಿಲ್ಲ, ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿಯೂ ಇರಲಿಲ್ಲ. ಮುಂದೆ ಯುರೋಪು ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿತು. ಮೀಥೈಲ್, ಎಥೈಲ್ ಪ್ಯಾರಾಬೆನ್‌ಗಳಿಗೆ ಶೇ. 0.4ರ ಮಿತಿಯಲ್ಲಿ ಅಲ್ಲಿ ಈಗಲೂ ಅನುಮತಿ ಇದೆ.

ಪ್ಯಾರಾಬೆನ್ ತೆಗೆದ ಕಂಪನಿಗಳು ಅದರ ಜಾಗಕ್ಕೆ ಏನು ಹಾಕಿದವು ಅನ್ನುವುದು ಮುಖ್ಯ. ನೀರಿರುವ ಕ್ರೀಮಿಗೆ ಪ್ರಿಸರ್ವೇಟಿವ್ ಬೇಕೇ ಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಹಲವರು 'ಮೀಥೈಲ್‌ಐಸೊಥಯಾಜೊಲಿನೋನ್' ಹಾಕಿದರು. ಅಲರ್ಜಿ ಎಷ್ಟು ಹೆಚ್ಚಿತೆಂದರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು 2013ರಲ್ಲಿ 'ವರ್ಷದ ಅಲರ್ಜಿಕಾರಕ' ಅಂತ ಘೋಷಿಸಿತು. ಹಚ್ಚಿ ಬಿಡುವ ಕ್ರೀಮುಗಳಲ್ಲಿ ಯುರೋಪು ಅದನ್ನು ನಿಷೇಧಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್ನನ್ನು 'ವರ್ಷದ ಅಲರ್ಜಿಕಾರಕ ಅಲ್ಲದ್ದು' ಅಂತ ಕರೆಯಿತು. ಹಾಗಾಗಿ 'ಫ್ರೀ' ಅನ್ನುವ ಪದ ಕಂಡಾಗ ಬದಲಿಗೆ ಏನಿದೆ ಅಂತ ಹಿಂದೆ ನೋಡುವುದು ಒಳ್ಳೆಯದು.

ಮಿನರಲ್ ಆಯಿಲ್, ಪೆಟ್ರೊಲೇಟಮ್ ಅಂದರೆ ಪೆಟ್ರೋಲಿನ ಕಸ ಅಂತ ಬೈಯುವವರಿದ್ದಾರೆ. ಕಾಸ್ಮೆಟಿಕ್ಕಿಗೆ ಬಳಸುವುದು ಚೆನ್ನಾಗಿ ಶುದ್ಧ ಮಾಡಿದ್ದು, ಅಲರ್ಜಿ ಆಗುವುದು ತೀರಾ ಅಪರೂಪ. ಇಸಬು ಇರುವ ಮಕ್ಕಳಿಗೆ ಡಾಕ್ಟರು ಬರೆಯುವುದೂ ಅಂಥದ್ದನ್ನೇ. ಅದೇ ಕೊಬ್ಬರಿ ಎಣ್ಣೆ, ಮೈಗೆ ಎಷ್ಟು ಚೆಂದವೋ ಮೊಡವೆ ಮುಖಕ್ಕೆ ಅಷ್ಟೇ ತೊಂದರೆ ಕೊಡಬಹುದು.

ನನ್ನ ಪ್ರಕಾರ ನಿಜವಾಗಿ ಗಮನ ಕೊಡಬೇಕಾದ್ದು 'ಪರ್ಫ್ಯೂಮ್' ಅಥವಾ 'ಪರ್ಫಮ್' ಅನ್ನುವ ಒಂದೇ ಪದಕ್ಕೆ. ಅದರೊಳಗೆ ಹತ್ತಾರು ವಸ್ತು ಅಡಗಿರುತ್ತವೆ, ಬಿಡಿಸಿ ಹೇಳಬೇಕಿಲ್ಲ. ಕಾಸ್ಮೆಟಿಕ್ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಯುರೋಪಿನಲ್ಲಿ 26 ಪರಿಮಳ ವಸ್ತುಗಳನ್ನು ಹೆಸರಿಸಿ ಬರೆಯಬೇಕಿತ್ತು, 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಏರಿಸಿದರು. ಲಿಮೊನೀನ್, ಲಿನಲೂಲ್, ಸಿಟ್ರಾಲ್, ಯೂಜಿನಾಲ್ ಅಂತ ಪಟ್ಟಿಯ ಕೊನೆಯಲ್ಲಿ ಕಾಣುವುದು ಅವೇ. ಎಸೆನ್ಷಿಯಲ್ ಆಯಿಲ್‌ಗಳಲ್ಲೂ ಇವೇ ಇರುತ್ತವೆ, ನ್ಯಾಚುರಲ್ ಅಂದಾಕ್ಷಣ ಚರ್ಮ ಸುಮ್ನೆ ಇರುವುದಿಲ್ಲ. 'ಡರ್ಮಟಾಲಜಿಕಲಿ ಟೆಸ್ಟೆಡ್' ಅಂದರೆ ಟೆಸ್ಟ್ ಮಾಡಿದ್ದಾರೆ ಅಂತ ಅಷ್ಟೇ, ಫಲಿತಾಂಶ ಏನು ಬಂತು ಅಂತ ಆ ಪದ ಹೇಳುವುದಿಲ್ಲ.

8. ಮುಖಕ್ಕಿಂತ ಮೊದಲು ಕೈ

ಪಟ್ಟಿ ಎಷ್ಟೇ ಚೆನ್ನಾಗಿ ಓದಿದರೂ ನಿಮ್ಮ ಚರ್ಮಕ್ಕೆ ಯಾವುದು ಆಗದು ಅಂತ ಅದರಲ್ಲಿ ಬರೆದಿರುವುದಿಲ್ಲ. ಹೊಸ ಕ್ರೀಮನ್ನು ಮೊಣಕೈ ಒಳಭಾಗದಲ್ಲಿ ಒಂದೇ ಜಾಗಕ್ಕೆ, ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ. ಒಂದು ರಾತ್ರಿ ಹಚ್ಚಿ ಏನೂ ಆಗಲಿಲ್ಲ ಅಂತ ನಿರ್ಧರಿಸಬೇಡಿ, ಅಲರ್ಜಿ ತಡವಾಗಿಯೂ ಎದ್ದೇಳುತ್ತದೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ನಾಲ್ಕು ಒಟ್ಟಿಗೆ ಶುರು ಮಾಡಿ ಮುಖ ಕೆರೆದರೆ ಯಾವುದರ ಮೇಲೆ ತಪ್ಪು ಹೊರಿಸುತ್ತೀರಿ?

ತಲೆಗೆ ಹಚ್ಚುವ ಡೈ ವಿಷಯದಲ್ಲಿ ಇನ್ನೂ ಹುಷಾರಾಗಿರಿ. 'ಪ್ಯಾರಾ ಫೆನಿಲೀನ್ ಡೈಅಮೀನ್', ಚಿಕ್ಕದಾಗಿ ಪಿಪಿಡಿ, ಇದ್ದರೆ ಪ್ರತಿ ಸಲವೂ 48 ಗಂಟೆ ಮೊದಲು ಪರೀಕ್ಷಿಸಿ. ಹೋದ ಸಲ ಏನೂ ಆಗಿರಲಿಲ್ಲ ಅನ್ನುವುದು ಈ ಸಲಕ್ಕೆ ಲೆಕ್ಕಕ್ಕಿಲ್ಲ. ಮದುವೆ ಮನೆಯಲ್ಲಿ ಒಂದೇ ಗಂಟೆಯಲ್ಲಿ ಕಪ್ಪಗೆ ಹತ್ತುವ 'ಕಪ್ಪು ಮೆಹೆಂದಿ' ಕಂಡರೆ ಕೈ ಹಿಂದೆಗೆದುಕೊಳ್ಳಿ. ಮದರಂಗಿ ಸೊಪ್ಪು ಹತ್ತುವುದು ಕೆಂಪಗೆ. ಕಪ್ಪು ಬಂತು ಅಂದರೆ ಅದರಲ್ಲಿ ಪಿಪಿಡಿ ಇರುವ ಸಾಧ್ಯತೆ ಜಾಸ್ತಿ. ಬೊಬ್ಬೆ ಎದ್ದು ಕಲೆ ಉಳಿಯುವುದಲ್ಲದೆ, ಆಮೇಲೆ ಜೀವಮಾನವಿಡೀ ಹೇರ್ ಡೈ ಆಗದಂತಾಗಬಹುದು.

ಹೊರಗಿನ ರಟ್ಟಿನ ಡಬ್ಬಿಯನ್ನು ಎಸೆಯಬೇಡಿ, ಬಹಳ ಸಲ ಪಟ್ಟಿ ಇರುವುದು ಅದರ ಮೇಲೆಯೇ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ '6ಎಂ', '12ಎಂ' ಅಂತ ಕಂಡರೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ. ತೆರೆದ ತಾರೀಕನ್ನು ಮಾರ್ಕರಿನಲ್ಲಿ ತಳದ ಮೇಲೆ ಬರೆದಿಡಿ. ಉರಿಯೋ ಊತವೋ ಬಂದರೆ ತೊಳೆದು, ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿ, ರಟ್ಟು ಎರಡನ್ನೂ ತಗೊಂಡು ಹೋಗಿ. ಯಾವುದಕ್ಕೆ ಅಲರ್ಜಿ ಅಂತ ಡಾಕ್ಟರು ಒಮ್ಮೆ ಪ್ಯಾಚ್ ಟೆಸ್ಟ್ ಮಾಡಿ ಹೇಳಿದರೆ, ಆ ಹೆಸರನ್ನು ಪಟ್ಟಿಯಲ್ಲಿ ಇರುವ ಸ್ಪೆಲಿಂಗಿನಲ್ಲೇ ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ. ಪಟ್ಟಿಯೇ ಇಲ್ಲದ, ವಿಳಾಸವಿಲ್ಲದ ಮಾಲು ಮಾರಿದ್ದರೆ ಬಿಲ್ಲು ಮತ್ತು ಬ್ಯಾಚ್ ನಂಬರಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.